ಸೋಸುವ ಬಟ್ಟೆ

ಶಹಾಪುರದ ಬಾವಿಗೆ ಈಗ ಕಬ್ಬಿಣದ ಜಾಳಿಗೆ ಹೊದಿಸಿದ್ದಾರೆ, ಅವ್ವ.
ನಿನ್ನ ದಪ್ಪ ಖಾದಿಯ ಬಟ್ಟೆ
ನನ್ನ ಟೇಬಲ್ಲಿನ ಎರಡನೇ ಖಾನೆಯಲ್ಲಿದೆ,
ನಿವೃತ್ತಿಯ ಕಾಗದಗಳ ಅಡಿ.
ಇವತ್ತು ಖಾನೆ ಖಾಲಿ ಮಾಡಬೇಕು.

ಎರಡು ಪದರು ಮಡಚಿ ಕೊಡದ ಬಾಯಿಗೆ ಕಟ್ಟಿ
ನೀನು ನೀರು ಸೋಸುತ್ತಿದ್ದೆ;
ಬಟ್ಟೆಯಲ್ಲಿ ಉಳಿದ ಕಾಣದ ಜೀವಗಳನ್ನು
ಅದೇ ಬಾವಿಗೆ, ಹಗ್ಗ ಇಳಿಬಿಟ್ಟು, ಸದ್ದಾಗದ ಹಾಗೆ
ಮರಳಿಸುತ್ತಿದ್ದೆ. "ಎತ್ತರದಿಂದ ಸುರೀಬ್ಯಾಡ,
ಬಿದ್ರ ಅವಕ್ಕೂ ಬ್ಯಾನಿ ಆಗತೈತಿ."
ಏಳು ವರ್ಷದ ನಾನು ಬಟ್ಟೆಗೆ ಕಣ್ಣು ತಾಗಿಸಿ ಹುಡುಕಿದೆ.
ಏನೂ ಕಾಣಲಿಲ್ಲ.
ನನ್ನ ನೌಕರಿ ಶುರುವಾದದ್ದು ಆವತ್ತು.
ಯಾವ ಅರ್ಜಿಯಲ್ಲೂ ಹಾಗೆಂದು ಬರೆದಿಲ್ಲ.

ವ್ಯಾಕ್ಸಿನ್ ಡಿಪೋದಲ್ಲಿ ಕರುಗಳ ಮೈ ತೊಳೆಯುವ ಲಗಮಣ್ಣ
ನಮ್ಮ ಓಣಿಯ ಕೊನೆಯ ಮನೆಯವನು.
ಕರುವಿನ ಹೊಟ್ಟೆ ಬೋಳಿಸಿ, ಗೀರಿ, ಗುಳ್ಳೆ ಏಳಿಸಿ
ಸಿಡುಬಿಗೆ ಮದ್ದು ತೆಗೆಯುವ ಕತೆ ಅವನು ಹೇಳುವಾಗ
ಕಿವಿ ಮುಚ್ಚಿ ಒಳಗೆ ಹೋಗುತ್ತಿದ್ದೆ ನೀನು.
ನಿನ್ನ ತೋಳ ಮೇಲೇ ಇದ್ದವು
ನಾಲ್ಕಾಣೆಯಗಲದ ಎರಡು ಮೈಲಿ ಕಲೆ.
ಅವನು ಬೆರಳು ಮಾಡಿ ನಗುತ್ತಿದ್ದ:
"ಅಕ್ಕಾರ, ಆ ಕಲೆದಾಗ ನಮ್ಮ ಕರಾ ಮಲಗೈತ್ರಿ."

ಆಮೇಲೆ ಮೂವತ್ತೊಂದು ವರ್ಷ.
ಕೂಸುಗಳ ಭೇದಿಯ ಒಂದು ವೈರಸ್ಸು, ಅದಕ್ಕೊಂದು ಹನಿ ಲಸಿಕೆ.
ನಿನ್ನ ಬಟ್ಟೆಗಿಂತ ಐನೂರು ಪಟ್ಟು ಸಣ್ಣ ತೂತಿನ ಜರಡಿ ನನ್ನದು.
ಸೋಸಿ ಉಳಿದದ್ದು ಬಾವಿಗಲ್ಲ, ಆಟೋಕ್ಲೇವಿಗೆ:
ನೂರಾ ಇಪ್ಪತ್ತೊಂದು ಡಿಗ್ರಿ, ಇಪ್ಪತ್ತು ನಿಮಿಷ.
ಇಲಿಗಳ ರಜಿಸ್ಟರು ಬೇರೆ.
ಹೊತ್ತು ಮುಳುಗುವ ಮೊದಲೇ ಉಂಡು ಕೂತ ನೀನು
ತಡವಾಗಿ ಬಂದವಳಿಗೆ ಕೇಳುತ್ತಿದ್ದೆ: "ಇವತ್ತ ಎಷ್ಟ?"
ಹನ್ನೆರಡು. ಆರು. ಇವತ್ತಿಲ್ಲ.
ಇಲ್ಲ ಅಂದ ದಿನ ತಟ್ಟೆಯಲ್ಲಿ ತುಪ್ಪ ಒಂದು ಚಮಚ ಹೆಚ್ಚು.
ಕ್ಷಮಾವಾಣಿಯ ದಿನ ಮಾತ್ರ
ಇಲಿಮನೆಯ ಬಾಗಿಲಲ್ಲಿ ನಾನು ಕೈ ಮುಗಿದು ನಿಲ್ಲುತ್ತಿದ್ದೆ.
ಅವು ಕಾಳು ಕಡಿಯುತ್ತಲೇ ಇರುತ್ತಿದ್ದವು.

ಒಂದು ಸಂಜೆ ಬಿಡಿಸಿ ಹೇಳಿದೆ: ವೈರಸ್ಸನ್ನು ಕೊಲ್ಲೂದಿಲ್ಲವ್ವ.
ಬೇರೆಯವರ ಮನೆಯಾಗ ಬೆಳೆಸಿ, ತೆಗೆದು, ಮತ್ತ ಬೆಳೆಸಿ,
ಮೂವತ್ಮೂರು ಸಲ.
ಕಡೀಕ ಅದು ಕಡಿಯೂದು ಮರೀತೈತಿ.
ಅವರೆಕಾಯಿ ಸುಲಿಯುತ್ತಿದ್ದ ನಿನ್ನ ಕೈ ನಿಂತಿತು.
"ಹಂಗಾರ ಅದಕ್ಕ ದೀಕ್ಷಾ ಕೊಟ್ಟಂಗಾತಲ್ಲ!"
ನನ್ನ ಪ್ರಬಂಧಕ್ಕೆ ಅದಕ್ಕಿಂತ ಒಳ್ಳೆಯ ತಲೆಬರಹ ಸಿಗಲಿಲ್ಲ;
ಹಾಕುವ ಧೈರ್ಯವೂ ಆಗಲಿಲ್ಲ.

ಆಷಾಢದ ಗಾಳಿಗೆ ಕಂಬ ಉರುಳಿದ ರಾತ್ರಿ
ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು.
ತಂಪುಕೋಣೆಯ ಮುಳ್ಳು ಆರು, ಏಳು, ಏಳೂವರೆ.
ಆಟೋದ ಬಾಬಾಜಾನನನ್ನು ಎಬ್ಬಿಸಿ
ಕ್ಯಾಂಪಿನ ಮೀನಂಗಡಿಯ ಬಾಗಿಲು ಬಡಿದು
ಹನ್ನೊಂದು ಚೀಲ ಬರ್ಫ ತಂದೆ.
ಸೆರಗೆಲ್ಲ ಸುರಮೈ ಮೀನಿನ ವಾಸನೆ.
ನೀನು ಮೂಗು ಮುಚ್ಚಲಿಲ್ಲ,
ಎಷ್ಟು ಅಂತಲೂ ಕೇಳಲಿಲ್ಲ.
"ಉಳದಾವ?" ಅಂದೆ.
ಉಳಿದಿದ್ದವು.

ಮೂರನೇ ಹಂತ. ಆರು ಸಾವಿರ ಕೂಸುಗಳು, ಎರಡು ಬಣ್ಣದ ಮುಚ್ಚಳ,
ಯಾವುದರಲ್ಲಿ ಲಸಿಕೆ, ಯಾವುದರಲ್ಲಿ ಬರೀ ನೀರು
ಹನಿ ಹಾಕುವ ನಮಗೂ ಗೊತ್ತಿಲ್ಲ.
ಲಕೋಟೆ ಒಡೆದ ದಿನ ತಿಳಿಯಿತು:
ನೂರರಲ್ಲಿ ತಡೆದದ್ದು ಹತ್ತೊಂಬತ್ತು.
ಸಾಲದು.
ಯಾರೂ ಬೈಯಲಿಲ್ಲ. ಚಹಾ ಬಂತು.
ಕಪ್ಪುಗಳನ್ನು ಎಣಿಸಿದೆ, ಹದಿನಾಲ್ಕು.

ಆ ಸೋಲಿನ ಪಟ್ಟಿಯಲ್ಲೇ ಒಂದು ಸಾಲು ಕಣ್ಣಿಗೆ ಬಿತ್ತು:
ಆಗಷ್ಟೇ ಮೊಲೆಯುಂಡ ಕೂಸುಗಳಲ್ಲಿ ಲಸಿಕೆ ಹಿಡಿದಿಲ್ಲ.
ತಾಯಿಹಾಲೇ ಅದನ್ನು ಸೋಸಿ ಹಾಕಿತ್ತು.
ಬರೆದು ಅಚ್ಚಿಗೆ ಕಳಿಸಿದೆ. ನೀನು ಆಗ ಇರಲಿಲ್ಲ.
ಎಂಟು ವರ್ಷದ ಮೇಲೆ, ಬೇರೆ ಊರಿನವರು
ಅದೇ ಸಾಲು ಹಿಡಿದು ಗೆದ್ದರು.
ಅವರ ಪ್ರಬಂಧದ ಕೊನೆಯ ಪಟ್ಟಿಯಲ್ಲಿ ನಲವತ್ತೇಳನೆಯವಳು ನಾನು,
ಚೌಗಲಾ ಹೋಗಿ ಚೌಹಾಣ ಆಗಿದ್ದೇನೆ.
ಕಸ ಗುಡಿಸುವ ನೀಲವ್ವನ ಮೊಮ್ಮಗ ಆ ಹನಿ ನುಂಗಿ
ಹುಣಸೆಹಣ್ಣು ತಿಂದವನ ಹಾಗೆ ಮುಖ ಮಾಡಿದ.
ನಾನು ಬಹಳ ಹೊತ್ತು ನೋಡಿದೆ.

ಸೋಮವಾರ ಬಂದು ಸೇರಿದ ಹುಡುಗಿ, ಝೀನತ್,
ಖಾನೆ ತೆಗೆದು ಕೇಳುತ್ತಾಳೆ:
"ಮೇಡಂ, ಇದು ಒರೆಸೋ ಬಟ್ಟೆನಾ?"
ಅಲ್ಲ, ಉಪಕರಣ, ಅಂದೆ.
ಅವಳು ನಗದೆ ಸ್ಟಾಕ್ ಬುಕ್ ಬಿಡಿಸಿ ಹೊಸ ಸಾಲು ಹಾಕಿದಳು.
ಬಟ್ಟೆ, ಖಾದಿ, ಒಂದು.
"ತೂತಿನ ಅಳತೆ?"
ಗೊತ್ತಿಲ್ಲ ಅಂತ ಬರಿ, ಅಂದೆ.